ಬೀದಿಗೆ ಬೆನ್ನು ಹಾಕಿದ ಮನೆ

‘ರಿಯಾದ್’ ಎಂದರೆ ನಮ್ಮ ಕರಾವಳಿಯ ಮುಸ್ಲಿಮರಿಗೆ ಕಣ್ಣೆದುರು ಬರುವುದು ಸೌದಿ ಅರೇಬಿಯಾದ ರಾಜಧಾನಿ. ಮಗನೋ ಅಳಿಯನೋ ದುಡಿಯಲು ಹೋದ ಊರು. ಧಾರವಾಡದ ಕಡೆಯ ಹಾಡುಗಾರರಿಗೆ ಇದೇ ಶಬ್ದ ‘ರಿಯಾಜ್’, ಬೆಳಗಿನ ಜಾವದ ಅಭ್ಯಾಸ. ಉರ್ದುವಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ: ರೇ, ಯೇ, ಅಲಿಫ್, ಜ್ವಾದ್. ಅರಬಿಯಲ್ಲಿ ‘ರೌಝಾ’ ಎಂದರೆ ತೋಟ. ಅದರ ಬಹುವಚನ ರಿಯಾದ್. ಕಲಬುರಗಿಯಲ್ಲಿ ಬಂದೇನವಾಜರ ದರ್ಗಾದ ಸುತ್ತಲಿನ ಪ್ರದೇಶವನ್ನು ಜನ ರೋಜಾ ಎನ್ನುತ್ತಾರಲ್ಲ, ಅಲ್ಲಿ ಈ ತೋಟವೇ ಸಮಾಧಿಯಾಗಿದೆ. ಮೊರಾಕ್ಕೋದಲ್ಲಿ ಅದು ಮನೆಯಾಯಿತು: ಹೊಟ್ಟೆಯೊಳಗೆ ತೋಟವನ್ನು ಇಟ್ಟುಕೊಂಡ ಮನೆ. ಕಳೆದ ಮೂವತ್ತು ವರ್ಷಗಳಿಂದ ಅದೇ ಶಬ್ದಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿದೆ. ರಿಯಾದ್ ಎಂದರೆ ಹೋಟೆಲು.

2018ರ ಡಿಸೆಂಬರಿನಲ್ಲಿ ಅಂಥದೊಂದು ಹೋಟೆಲಿನಲ್ಲಿ ಮೂರು ರಾತ್ರಿ ಉಳಿದಿದ್ದೆ, ಫೆಸ್ ನಗರದ ಹಳೆಯ ಪೇಟೆಯಲ್ಲಿ. ಭಟ್ಕಳ ಮೂಲದ ಗೆಳೆಯನೊಬ್ಬ ಆಗ ಕಾಸಾಬ್ಲಾಂಕಾದಲ್ಲಿ ಕೆಲಸಕ್ಕಿದ್ದ. ಫ್ರೆಂಚ್ ಜೊತೆಗೆ ಅಲ್ಲಿನ ಆಡುಮಾತಿನ ಅರಬಿಯನ್ನೂ ಕಲಿತಿದ್ದ. ಅವನೇ ಕರೆದುಕೊಂಡು ಹೋದದ್ದು. ಹಳೆ ಪೇಟೆಯೊಳಗೆ ಕಾರು ಹೋಗುವುದಿಲ್ಲ. ಕೋಟೆಬಾಗಿಲಲ್ಲಿ ಇಳಿದೆವು. ಒಬ್ಬ ಮುದುಕ ನಮ್ಮ ಚೀಲಗಳನ್ನು ಕೈಗಾಡಿಯ ಮೇಲೆ ಹೇರಿಕೊಂಡು ಮುಂದೆ ಹೊರಟ. ಮಗ್ರಿಬಿನ ಅಜಾನ್ ಆಗುತ್ತಿತ್ತು. ಎದುರಿನಿಂದ ಚರ್ಮ ಹೊತ್ತ ಹೇಸರಗತ್ತೆಗಳು, ಹಿಂದಿನಿಂದ ‘ಬಾಲಾಕ್, ಬಾಲಾಕ್’ ಎಂಬ ಕೂಗು. ದಾರಿ ಬಿಡಿ ಎಂದು ಅರ್ಥ. ಓಣಿ ಕಿರಿದಾಗುತ್ತಾ ಹೋಗಿ ಕೊನೆಗೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟಾಯಿತು. ಅಲ್ಲಲ್ಲಿ ಗೋಡೆಗಳು ಬೀಳದಂತೆ ಅಡ್ಡಡ್ಡ ಮರದ ತೊಲೆಗಳನ್ನು ಆನಿಸಿದ್ದರು. ಮುದುಕ ಒಂದು ಬೋಳು ಗೋಡೆಯ ಮುಂದೆ ಗಾಡಿ ನಿಲ್ಲಿಸಿದ. ಕಿಟಕಿಯಿಲ್ಲ, ಜಗಲಿಯಿಲ್ಲ. ಮೊಳೆ ಬಡಿದ ಬಾಗಿಲೊಂದೇ ಇತ್ತು. ಇದೇನು ಗೋದಾಮಿಗೆ ಕರೆತಂದನೋ ಅನಿಸಿತು.

ಬಾಗಿಲು ತೆರೆದರೂ ಒಳಗೇನೂ ಕಾಣಲಿಲ್ಲ. ಒಂದು ಕತ್ತಲ ಹಾದಿ, ಅದು ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಆಮೇಲೆ ಬೆಳಕು. ಸಾವಿರಾರು ಚೂರು ಬಣ್ಣದ ಹೆಂಚುಗಳನ್ನು ಕೂಡಿಸಿದ ನೆಲ. ಅದಕ್ಕೆ ಝಲ್ಲೀಜ್ ಎನ್ನುತ್ತಾರೆ. ನಡುವೆ ನೀರಿನ ಕಾರಂಜಿ, ಒಂದು ನಿಂಬೆಯ ಗಿಡ, ಸುತ್ತ ಎರಡು ಅಂತಸ್ತಿನ ಮೊಗಸಾಲೆ, ಗಾರೆಯಲ್ಲಿ ಕೊರೆದ ಬಳ್ಳಿಗಳು, ದೇವದಾರಿನ ಛಾವಣಿ, ಮೇಲೆ ಚೌಕದಷ್ಟೇ ಆಕಾಶ. ನಮ್ಮ ತೊಟ್ಟಿಮನೆಯನ್ನು ನೋಡಿದವರಿಗೆ ಅಂಗಳ ಹೊಸದಲ್ಲ. ಆದರೆ ತೊಟ್ಟಿಮನೆಗೆ ಬೀದಿಯ ಕಡೆ ಒಂದು ಜಗಲಿಯಾದರೂ ಇರುತ್ತದೆ, ಹೋಗಿ ಬರುವವರನ್ನು ಕೂರಿಸಿ ಮಾತಾಡಿಸಲು. ಈ ಮನೆ ಬೀದಿಗೆ ಪೂರ್ತಿ ಬೆನ್ನು ಹಾಕಿತ್ತು.

ಇಂಥ ಮನೆಯ ಇತಿಹಾಸ ದೊಡ್ಡದು. ಮರಾಕೇಶಿನಲ್ಲಿ ಕುತುಬಿಯ್ಯಾ ಮಸೀದಿಯ ಬಳಿ ನೆಲ ಅಗೆದಾಗ ಹನ್ನೆರಡನೆಯ ಶತಮಾನದ ಅಲ್ಮೊರಾವಿದ್ ಸುಲ್ತಾನ ಅಲಿ ಬಿನ್ ಯೂಸುಫನ ಅರಮನೆಯ ಅಂಗಳ ಸಿಕ್ಕಿತು. ನಾಲ್ಕು ಪಾಲು ಮಾಡಿದ ತೋಟವಿದ್ದ ಅಂಗಳ. ಮೊರಾಕ್ಕೋದಲ್ಲಿ ಈವರೆಗೆ ಸಿಕ್ಕ ರಿಯಾದ್‌ಗಳಲ್ಲಿ ಇದು ಬಹಳ ಹಳೆಯದು. ಫೆಸ್ ಅದಕ್ಕಿಂತ ಹಿಂದಿನ ಊರು. 818ರಲ್ಲಿ ಕುರ್ತುಬಾದಲ್ಲಿ ದಂಗೆಯೆದ್ದು ಗಡೀಪಾರಾದವರು ನದಿಯ ಒಂದು ದಡದಲ್ಲಿ, ಟ್ಯುನೀಸಿಯಾದ ಕೈರವಾನಿನಿಂದ ಬಂದವರು ಇನ್ನೊಂದು ದಡದಲ್ಲಿ ನೆಲೆಸಿದ್ದರಿಂದ ಊರು ಬೆಳೆಯಿತು. 1492ರಲ್ಲಿ ಗ್ರಾನಡಾ ಬಿದ್ದ ಮೇಲೆ ಇನ್ನಷ್ಟು ನಿರಾಶ್ರಿತರು ಬಂದರು, ಮುಸ್ಲಿಮರೂ ಯಹೂದಿಗಳೂ. ಇಂದು ‘ಅಂದಲೂಸಿ ಸೊಬಗು’ ಎಂದು ಪ್ರವಾಸಿಗಳಿಗೆ ಮಾರುವ ಗಾರೆ ಕೆಲಸದ ಹಿಂದೆ ಮನೆ ಕಳೆದುಕೊಂಡವರ ಕೈಗಳಿವೆ. ಸರಿಯಾಗಿ ಹೇಳಬೇಕೆಂದರೆ ಫೆಸ್‌ನ ಬಹುಪಾಲು ಮನೆಗಳು ರಿಯಾದ್ ಅಲ್ಲವೇ ಅಲ್ಲ. ತೋಟಕ್ಕೆ ಅಲ್ಲಿ ಜಾಗವೆಲ್ಲಿ? ಬರೀ ಅಂಗಳವಿದ್ದರೆ ಅದು ‘ದಾರ್’. ನಾವು ಉಳಿದದ್ದೂ ದಾರ್. ಆದರೆ ದಾರ್ ಎಂಬ ಹೆಸರಿಗಿಂತ ರಿಯಾದ್ ಎಂಬ ಹೆಸರು ಹೆಚ್ಚು ಖರ್ಚಾಗುತ್ತದೆ. ನಮ್ಮ ಅಂಗಳದ ಒಂದು ನಿಂಬೆಗಿಡ ಆ ಹೆಸರನ್ನು ಉಳಿಸಲು ಇಟ್ಟದ್ದಿರಬೇಕು!

ಮೊದಲ ರಾತ್ರಿ ನನಗೆ ಕಾಡಿದ್ದು ಬೇರೆಯೇ ವಿಷಯ. ಈ ಮನೆಯನ್ನು ಕಟ್ಟಿದ್ದೇ ನನ್ನಂಥವನು ಒಳಗೆ ಬಾರದಿರಲಿ ಎಂದು. ಬಾಗಿಲ ಹಾದಿ ಎರಡು ಸಲ ತಿರುಗುವುದು, ಬಾಗಿಲಲ್ಲಿ ನಿಂತ ಪರಗಂಡಸಿನ ಕಣ್ಣು ಅಂಗಳಕ್ಕೆ ಬೀಳದಿರಲೆಂದು. ಬಂದ ಗಂಡಸರಿಗಾಗಿ ಫೆಸ್‌ನ ದೊಡ್ಡ ಮನೆಗಳಲ್ಲಿ ‘ಮಸ್ರಿಯಾ’ ಎಂಬ ಮೇಲ್ಕೋಣೆ ಇರುತ್ತಿತ್ತು. ಅದಕ್ಕೆ ಬೇರೆಯೇ ಮೆಟ್ಟಿಲು. ಅತಿಥಿ ಬಂದು, ಉಂಡು, ಮಲಗಿ ಎದ್ದುಹೋದರೂ ಅಂಗಳವನ್ನು ನೋಡುತ್ತಿರಲಿಲ್ಲ. ತಾರಸಿಯಂತೂ ಸಂಜೆಯ ಹೊತ್ತು ಪೂರ್ತಿ ಹೆಂಗಸರದು. ಒಂದು ತಾರಸಿಯಿಂದ ಇನ್ನೊಂದಕ್ಕೆ ಮಾತು, ಬಟ್ಟಲು, ಮದುವೆಯ ಸುದ್ದಿ ದಾಟುತ್ತಿದ್ದವು. ಗಂಡಸರು ಆಗ ಅಲ್ಲಿಗೆ ಹತ್ತುವುದು ಮರ್ಯಾದೆಯಲ್ಲ. ಫೆಸ್‌ನಲ್ಲೇ 1940ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ, 1994ರಲ್ಲಿ ಪ್ರಕಟವಾದ ತಮ್ಮ ಬಾಲ್ಯದ ಕಥನದಲ್ಲಿ ಇಂಥ ಮನೆಯ ಒಳಗನ್ನು ತೋರಿಸಿದ್ದಾರೆ. ಗಂಡಸರು ಬೀಗ ಹಾಕಿಟ್ಟ ರೇಡಿಯೋವನ್ನು ಹೆಂಗಸರು ಕಳ್ಳ ಬೀಗದಕೈ ಮಾಡಿಸಿಕೊಂಡು ಕೇಳುವ ಪ್ರಸಂಗ ಓದುವಾಗ ನಗು ಬರುತ್ತದೆ, ಆಮೇಲೆ ಗಂಟಲು ಕಟ್ಟುತ್ತದೆ. ಆ ಅಂಗಳ ಒಳಗಿದ್ದವರಿಗೆ ಸ್ವರ್ಗದ ತುಣುಕೂ ಹೌದು, ಸೆರೆಯೂ ಹೌದು. ಹೋಟೆಲಿನ ಬಣ್ಣದ ಕಾಗದದಲ್ಲಿ ಸ್ವರ್ಗದ ಸಂಗತಿ ಮಾತ್ರ ಇತ್ತು.

ಹಾಗಾದರೆ ಮುಸಾಫಿರರು ಎಲ್ಲಿ ತಂಗುತ್ತಿದ್ದರು? ಇದಕ್ಕೆ ಒಳ್ಳೆಯ ದಾಖಲೆಗಳಿವೆ. ಹದಿನಾಲ್ಕನೆಯ ಶತಮಾನದ ಇಬ್ನ್ ಅಬಿ ಝರ್ ಬರೆದ ಚರಿತ್ರೆ, ಅಲ್ಮೊಹಾದರ ಕಾಲದ ಫೆಸ್‌ನಲ್ಲಿ 785 ಮಸೀದಿಗಳು, 93 ಹಮ್ಮಾಮುಗಳು, 467 ಫುಂದುಕ್‌ಗಳು ಇದ್ದವೆಂದು ಲೆಕ್ಕ ಕೊಡುತ್ತದೆ. ಹಳೆಯ ಚರಿತ್ರಕಾರರ ಲೆಕ್ಕಗಳನ್ನು ಸ್ವಲ್ಪ ತಗ್ಗಿಸಿಯೇ ನಂಬಬೇಕು. ಆ ಗ್ರಂಥದ ಹೆಸರು ‘ರೌದುಲ್ ಕಿರ್ತಾಸ್’, ಅಂದರೆ ಕಾಗದದ ತೋಟ. ಇಲ್ಲಿಯೂ ಅದೇ ರೌಝಾ. ಫುಂದುಕ್ ಎಂಬುದು ಗ್ರೀಕ್ ಮೂಲದ ಶಬ್ದ. ಕೆಳಗೆ ಹೇಸರಗತ್ತೆ ಮತ್ತು ಸರಕು, ಮೇಲೆ ಸಾಲು ಕೋಣೆಗಳು, ನಡುವೆ ತೂಗುವ ತಕ್ಕಡಿ. ನಮ್ಮ ಕಡೆಯ ಸರಾಯಿ ಇದ್ದ ಹಾಗೆ. ಗ್ರಾನಡಾದಿಂದ ಓಡಿಬಂದ ಮನೆತನದ ಹುಡುಗ ಹಸನ್ ಅಲ್ ವಝ್ಝಾನ್ ಫೆಸ್‌ನಲ್ಲಿ ಬೆಳೆದವನು. 1518ರಲ್ಲಿ ಕಡಲುಗಳ್ಳರ ಕೈಗೆ ಸಿಕ್ಕಿ ರೋಮಿನ ಪೋಪನಿಗೆ ಕಾಣಿಕೆಯಾದ. ಯುರೋಪು ಅವನನ್ನು ಲಿಯೋ ಆಫ್ರಿಕಾನಸ್ ಎಂದು ಕರೆಯಿತು. ಅವನ ಬರಹದ ಪ್ರಕಾರ ಫೆಸ್‌ನಲ್ಲಿ ಸುಮಾರು ಇನ್ನೂರು ಫುಂದುಕ್‌ಗಳಿದ್ದವು. ಮಂಚ ಹಾಸಿಗೆ ಇರಲಿಲ್ಲ. ಮಾಲೀಕ ಕೊಡುತ್ತಿದ್ದದ್ದು ಒಂದು ಒರಟು ಕಂಬಳಿ, ಒಂದು ಚಾಪೆ. ಊಟ ಬೇಕಿದ್ದರೆ ಸಾಮಾನು ತಂದು ಕೊಟ್ಟು ಬೇಯಿಸಿಕೊಳ್ಳಬೇಕು. ಇವತ್ತಿಗೂ ಅರಬಿಯಲ್ಲಿ ಹೋಟೆಲಿಗೆ ಫುಂದುಕ್ ಎಂದೇ ಹೇಳುವುದು. ಫೆಸ್‌ನ ಬಡಗಿಗಳ ಚೌಕದಲ್ಲಿರುವ ಹದಿನೆಂಟನೆಯ ಶತಮಾನದ ನಜ್ಜಾರೀನ್ ಫುಂದುಕ್ ಮಾತ್ರ 1998ರಿಂದ ಮರಗೆಲಸದ ಮ್ಯೂಸಿಯಂ ಆಗಿದೆ. ಮುಸಾಫಿರರಿಗೆಂದು ಕಟ್ಟಿದ್ದು ಮ್ಯೂಸಿಯಂ ಆಯಿತು, ಅವರನ್ನು ಹೊರಗಿಡಲು ಕಟ್ಟಿದ್ದು ಹೋಟೆಲಾಯಿತು!

ಕಾಸಿಲ್ಲದ ಮುಸಾಫಿರನಿಗೆ ಸೂಫಿಗಳ ಝಾವಿಯಾ ಇತ್ತು, ವಿದ್ಯಾರ್ಥಿಗೆ ಮದ್ರಸಾದ ಕೋಣೆ. ತಾಂಜೀರಿನ ಇಬ್ನ್ ಬತೂತಾ ಇಂಥ ಸೂರುಗಳನ್ನು ನಂಬಿಯೇ ಲೋಕ ಸುತ್ತಿದವನು. ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಶೇಖ್ ಮುಹಮ್ಮದ್ ನಾಗೋರಿ ಎಂಬವರು ತಮ್ಮ ಖಾನ್‌ಖಾಹ್‌ನಲ್ಲಿ ಸ್ವತಃ ಅಡಿಗೆ ಮಾಡಿ ಬಡಿಸಿದ್ದನ್ನು ಅವನು ಮರೆಯಲಿಲ್ಲ. ಹೊನ್ನಾವರದಲ್ಲಿ ಹುಡುಗಿಯರ ಹದಿಮೂರು ಶಾಲೆಗಳನ್ನೂ ಹುಡುಗರ ಇಪ್ಪತ್ತಮೂರು ಶಾಲೆಗಳನ್ನೂ ಎಣಿಸಿದವನು ಅವನೇ. ಈ ಮಾತುಗಳನ್ನೆಲ್ಲ ಅವನು ಇಬ್ನ್ ಜುಝಯ್ಯ್ ಎಂಬ ವಿದ್ವಾಂಸನಿಗೆ ಹೇಳಿ ಬರೆಸಿ ಮುಗಿಸಿದ್ದು 1355ರಲ್ಲಿ, ಫೆಸ್‌ನ ಸುಲ್ತಾನ ಅಬೂ ಇನಾನನ ಆಜ್ಞೆಯಂತೆ. ಆ ಸುಲ್ತಾನ ಆ ವರ್ಷಗಳಲ್ಲೇ ಕಟ್ಟಿಸಿದ ಬೂ ಇನಾನಿಯಾ ಮದ್ರಸಾದಲ್ಲಿ ನಿಂತು, ನಮ್ಮ ಹೊನ್ನಾವರದ ಹೆಸರು ಕಾಗದಕ್ಕೆ ಇಳಿದದ್ದು ಈ ಊರಿನಲ್ಲಿ ಎಂದು ಗೆಳೆಯನಿಗೆ ಹೇಳಿದೆ. ಭಟ್ಕಳದವನಲ್ಲವೇ, ‘ಹೊನ್ನಾವರ ನಮ್ಮಿಂದ ಎಷ್ಟು ದೂರ!’ ಎಂದು ಹಿಗ್ಗಿದ.

ಹೊರಗಿನವರು ಅಂಗಳದೊಳಗೆ ಕಾಲಿಟ್ಟ ಕಥೆಗೆ ವಜೀರರ ಅರಮನೆಗಳಿಂದಲೇ ಶುರುಮಾಡಬೇಕು. ಫೆಸ್‌ನ ಬಾಬ್ ಗಿಸ್ಸಾದ ಪಕ್ಕ ಜಮಾಯಿ ಮನೆತನದ ವಜೀರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಅರಮನೆ ಕಟ್ಟಿಸಿದರು. 1894ರಲ್ಲಿ ಸುಲ್ತಾನ ಒಂದನೆಯ ಹಸನ್ ದಂಡಯಾತ್ರೆಯ ನಡುವೆ ತೀರಿಕೊಂಡ. ಬಾ ಅಹ್ಮದ್ ಎಂಬ ಅಧಿಕಾರಿ ಸಾವನ್ನು ಮುಚ್ಚಿಟ್ಟು ಹಸನನ ಎಳೆಯ ಮಗ ಅಬ್ದುಲ್ ಅಝೀಝನನ್ನು ಪಟ್ಟಕ್ಕೆ ತಂದು, ತಾನೇ ಆಳತೊಡಗಿದ. ಕೆಲವೇ ವಾರಗಳಲ್ಲಿ ಜಮಾಯಿ ಸೋದರರು ಸೆರೆಯಾದರು. ಒಬ್ಬ ಮಹಾವಜೀರ, ಇನ್ನೊಬ್ಬ ಯುದ್ಧಮಂತ್ರಿ. ತೆತ್ವಾನಿನ ಸೆರೆಮನೆಯಲ್ಲಿ ಅವರಿಬ್ಬರನ್ನೂ ಒಂದೇ ಸಂಕೋಲೆಯಲ್ಲಿ ಬಿಗಿದಿದ್ದರೆಂದೂ, ಅಣ್ಣ ಸತ್ತಾಗ ಮಣ್ಣು ಮಾಡಲು ಆಸ್ಥಾನದ ಅಪ್ಪಣೆ ಬರುವವರೆಗೆ ಹನ್ನೊಂದು ದಿನ ಬೇಸಗೆಯಲ್ಲಿ ತಮ್ಮ ಆ ಹೆಣದ ಜೊತೆಗೇ ಇದ್ದನೆಂದೂ ‘ಟೈಮ್ಸ್’ ಪತ್ರಿಕೆಯ ವರದಿಗಾರ ವಾಲ್ಟರ್ ಹ್ಯಾರಿಸ್ 1921ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಹ್ಯಾರಿಸ್ ಉಪ್ಪುಖಾರ ಹಚ್ಚಿ ಹೇಳುವ ಆಸಾಮಿ. ಆದರೆ 1908ರಲ್ಲಿ ಬಿಡುಗಡೆಯಾಗಿ ಬಂದ ಆ ತಮ್ಮನನ್ನು ತಾಂಜೀರಿನಲ್ಲಿ ಕಣ್ಣಾರೆ ಕಂಡವನು. ಆಸ್ತಿಯೆಲ್ಲ ಜಪ್ತಿಯಾಗಿತ್ತು, ಹೆಂಡಿರು ಮಕ್ಕಳು ಸತ್ತಿದ್ದರು. ಅವರ ಅರಮನೆ ಫ್ರೆಂಚರ ಕಾಲದಲ್ಲಿ ಫೆಸ್‌ನ ಹೆಸರಾಂತ ಹೋಟೆಲಾಯಿತು.

ಅವರನ್ನು ಬೀಳಿಸಿದ ಬಾ ಅಹ್ಮದನ ಗತಿ? ಮರಾಕೇಶಿನಲ್ಲಿ ತನ್ನ ತಂದೆ ಕಟ್ಟಿಸಿದ ಮನೆಗೆ ಅಂಗಳದ ಮೇಲೆ ಅಂಗಳ ಸೇರಿಸುತ್ತಾ ಹೋದ. ಅದೇ ಬಾಹಿಯಾ ಅರಮನೆ. 1900ರಲ್ಲಿ ಅವನು ಸತ್ತ ಬೆನ್ನಿಗೇ ಸುಲ್ತಾನನ ಆಳುಗಳು ಬಂದು ಅದನ್ನು ಬರಿದು ಮಾಡಿದರು. 1912ರ ಮಾರ್ಚ್ 30ರಂದು ಫೆಸ್ ಒಪ್ಪಂದದ ಮೂಲಕ ಮೊರಾಕ್ಕೋ ಫ್ರಾನ್ಸಿನ ‘ರಕ್ಷಣೆ’ಗೆ ಒಳಗಾಯಿತು. ಮೊದಲ ರೆಸಿಡೆಂಟ್ ಜನರಲ್ ಲ್ಯೋತೆ ಬಾಹಿಯಾವನ್ನು ವಸತಿಗೆ ಬಳಸಿಕೊಂಡ. 1917ರಲ್ಲಿ ಅವನ ಅತಿಥಿಯಾಗಿ ಬಂದ ಅಮೆರಿಕದ ಕಾದಂಬರಿಗಾರ್ತಿ ಈಡಿತ್ ವಾರ್ಟನ್ ತಂಗಿದ್ದು ಅಲ್ಲೇ, ವಜೀರನ ಅಚ್ಚುಮೆಚ್ಚಿನ ಹೆಂಗಸಿನದೆಂದು ಹೇಳಲಾಗುತ್ತಿದ್ದ ಕೋಣೆಗಳಲ್ಲಿ. ಇಂದಿನ ರಿಯಾದ್ ಹೋಟೆಲಿನ ಅತಿಥಿಗೆ ಇದಕ್ಕಿಂತ ಸರಿಯಾದ ಹಿರಿಯಜ್ಜಿ ಸಿಗಲಾರಳು. ಆ ಕೋಣೆಯಲ್ಲಿದ್ದವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವಳ ಕೋಣೆ ಬೇಕಾಗಿತ್ತು.

ಲ್ಯೋತೆಯ ಒಂದು ನೀತಿ ಈ ಕಥೆಯಲ್ಲಿ ಮುಖ್ಯ. 1914ರಲ್ಲಿ ಆನ್ರಿ ಪ್ರೋಸ್ತ್ ಎಂಬ ನಗರಯೋಜಕನನ್ನು ಕರೆಸಿ, ಹಳೆಯ ಪೇಟೆಗಳನ್ನು ಮುಟ್ಟದೆ ಅವುಗಳಿಂದ ದೂರದಲ್ಲಿ ಯುರೋಪಿಯನರಿಗೆ ಹೊಸ ಪಟ್ಟಣಗಳನ್ನು ಕಟ್ಟಿಸಿದ. ಹಳೆಯ ಊರುಗಳು ಬುಲ್ಡೋಜರಿಗೆ ಸಿಗದೆ ಉಳಿದದ್ದು ಇದರಿಂದ ಎಂದು ಹೊಗಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅಗಲ ರಸ್ತೆ, ಬ್ಯಾಂಕು, ಕಚೇರಿ ಎಲ್ಲ ಆ ಕಡೆ ಹೋದವು. ಜಾನೆಟ್ ಅಬು-ಲುಘೋದ್ 1980ರಲ್ಲಿ ರಬಾತ್ ನಗರದ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ನಗರದ ವರ್ಣಭೇದವೆಂದೇ ಕರೆದಿದ್ದಾರೆ. ಹಳೆಯ ಊರನ್ನು ಗಾಜಿನ ಕಪಾಟಿನಲ್ಲಿಟ್ಟ ದಿನವೇ ಅದರಿಂದ ಹೊರಬೀಳುವ ಬಾಗಿಲೂ ತೆರೆದಿತ್ತು. 1956ರಲ್ಲಿ ಸ್ವಾತಂತ್ರ್ಯ ಬಂತು. ಫೆಸ್‌ನ ಶ್ರೀಮಂತ ಮನೆತನಗಳು ಕಾಸಾಬ್ಲಾಂಕಾಕ್ಕೆ, ರಬಾತ್‌ಗೆ, ಫ್ರೆಂಚರು ಖಾಲಿ ಮಾಡಿದ ಬಂಗಲೆಗಳಿಗೆ ಹೊರಟವು. ಅವರ ಹಿಂದೆಯೇ ಹಳ್ಳಿಯ ಬಡವರು ಬಂದರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಅಂಗಳದ ನಳ್ಳಿ ಎಲ್ಲರಿಗೂ ಒಂದೇ.

ನಾವಿದ್ದ ಹೋಟೆಲಿನ ಕೆಳಗಿನ ಕೋಣೆಯಲ್ಲಿ ಒಂದು ಹಳೆಯ ಹಕ್ಕುಪತ್ರವನ್ನು ಚೌಕಟ್ಟು ಹಾಕಿ ನೇತುಹಾಕಿದ್ದರು, ಚಂದಕ್ಕೆ. ಉರ್ದು ಕಲಿತವನೆಂಬ ಜಂಬದಿಂದ ಓದಲು ಹೋಗಿ ಎಡವಿದೆ. ಮಗ್ರಿಬಿ ಬರವಣಿಗೆಯಲ್ಲಿ ‘ಫೇ’ಗೆ ಚುಕ್ಕೆ ಕೆಳಗೆ, ‘ಖಾಫ್’ಗೆ ಮೇಲೆ ಒಂದೇ ಚುಕ್ಕೆ. ನಾನು ಖಾಫನ್ನೆಲ್ಲ ಫೇ ಎಂದು ಓದುತ್ತಿದ್ದೆ. ಆದರೂ ಬಿಸ್ಮಿಲ್ಲಾದ ಕೆಳಗೆ ‘ಸುಮುನ್’, ‘ಸುದುಸ್’ ಎಂಬ ಶಬ್ದಗಳು ಕಣ್ಣಿಗೆ ಬಿದ್ದವು. ಎಂಟನೆಯ ಒಂದು ಪಾಲು, ಆರನೆಯ ಒಂದು ಪಾಲು. ಹುಡುಗನಾಗಿದ್ದಾಗ ಮದ್ರಸಾದಲ್ಲಿ ಬೆತ್ತದ ಹೆದರಿಕೆಗೆ ಬಾಯಿಪಾಠ ಮಾಡಿದ ಫರಾಯಿಝಿನ ಲೆಕ್ಕ. ಅದು ವಾರಸುದಾರರ ಪಾಲಿನ ಪತ್ರ: ವಿಧವೆಗೆ ಎಂಟನೆಯದು, ತಾಯಿಗೆ ಆರನೆಯದು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ. ಹೆಂಗಸಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟ ಕಾನೂನೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂ ಬೇಕು. ಅದೇ ಲೆಕ್ಕ ಮೂರು ತಲೆಮಾರು ದಾಟಿದಾಗ ಒಂದು ಮನೆಗೆ ಹತ್ತಾರು ಒಡೆಯರಾಗುತ್ತಾರೆ. ಸೋರುವ ಛಾವಣಿಯನ್ನು ಯಾರು ಸರಿಮಾಡಿಸಬೇಕು? ಇಪ್ಪತ್ತನೆಯ ಒಂದು ಪಾಲಿನವನು ಯಾಕೆ ಖರ್ಚು ಮಾಡಿಯಾನು? ನಮ್ಮೂರುಗಳಲ್ಲೂ ಪಾಲು ಮುಗಿಯದೆ ಕುಸಿದ ಹಳೆಮನೆಗಳು ಕಡಿಮೆಯಿಲ್ಲ. ಎಲ್ಲರೂ ಒಟ್ಟಿಗೆ ಸಹಿ ಹಾಕಲು ಒಪ್ಪುವುದು ಒಂದೇ ಕಾಗದಕ್ಕೆ, ಮಾರಾಟದ್ದು.

ಕೊಳ್ಳುವವರು ಬಂದರು. ಯುನೆಸ್ಕೋ 1981ರಲ್ಲಿ ಫೆಸ್‌ನ ಹಳೆ ಪೇಟೆಯನ್ನು, 1985ರಲ್ಲಿ ಮರಾಕೇಶಿನದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಉಡುಪು ವಿನ್ಯಾಸಕಾರ ಈವ್ ಸ್ಯಾಂ ಲೊರಾಂ 1966ರಲ್ಲೇ ಮರಾಕೇಶಿನಲ್ಲಿ ಮನೆ ಕೊಂಡಿದ್ದ. 1990ರ ದಶಕದ ಕೊನೆಗೆ ಫ್ರಾನ್ಸಿನ ಮಧ್ಯಮ ವರ್ಗದವರೂ ಅದೇ ದಾರಿ ಹಿಡಿದರು. 2001ರಲ್ಲಿ ಸರ್ಕಾರ 2010ರ ಹೊತ್ತಿಗೆ ಒಂದು ಕೋಟಿ ಪ್ರವಾಸಿಗರನ್ನು ತರುವ ಯೋಜನೆ ಹಾಕಿತು. 2002ರ ಪ್ರವಾಸಿ ವಸತಿ ಕಾನೂನು ಇಂಥ ಅತಿಥಿಗೃಹಗಳನ್ನು ಒಂದು ವರ್ಗವಾಗಿ ಗುರುತಿಸಿತು. 2006ರಲ್ಲಿ ಯುರೋಪಿನೊಂದಿಗೆ ವಿಮಾನ ಒಪ್ಪಂದವಾಗಿ ಅಗ್ಗದ ವಿಮಾನಗಳು ಇಳಿಯತೊಡಗಿದವು. ಹಮ್ಮಾಮಿಗೂ ನೀರಿನ ತೊಟ್ಟಿಗೂ ಬಳಿಯುತ್ತಿದ್ದ ತದಲಾಕ್ತ್ ಎಂಬ ಸುಣ್ಣದ ಗಿಲಾವು ಮಲಗುವ ಕೋಣೆಗಳಿಗೆ ಏರಿತು. ಇದನ್ನೆಲ್ಲ ಬರೀ ಲೂಟಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಝಲ್ಲೀಜ್ ಕಡಿಯುವ ಉಸ್ತಾದರಿಗೆ ಕೆಲಸ ಸಿಕ್ಕಿತು, ಬಿದ್ದೇಹೋಗುತ್ತಿದ್ದ ಗೋಡೆಗಳು ನಿಂತವು. 2023ರ ಸೆಪ್ಟೆಂಬರ್ 8ರ ರಾತ್ರಿ ಭೂಕಂಪವಾಗಿ ಮೂರು ಸಾವಿರದ ಹತ್ತಿರ ಜನ ಸತ್ತಾಗ ಮರಾಕೇಶಿನ ಹಳೆ ಪೇಟೆಯಲ್ಲೂ ಮನೆಗಳು ಕುಸಿದವು. ಹಣವಿಲ್ಲದವರ ಗೋಡೆ ಎಷ್ಟು ಟೊಳ್ಳಾಗಿರುತ್ತದೆಂದು ಅಲ್ಲಿ ಕಂಡಿತು.

ಎರಡನೆಯ ಸಂಜೆ ಪುದೀನ ಚಹಾ ಹಿಡಿದು ತಾರಸಿಗೆ ಹೋದೆ. ಪಕ್ಕದ ತಾರಸಿಯಲ್ಲಿ ಒಬ್ಬ ಹೆಂಗಸು ಬಟ್ಟೆ ತೆಗೆಯುತ್ತಿದ್ದವಳು ನಮ್ಮನ್ನು ಕಂಡು, ಒಣಗಿದ್ದನ್ನು ಅರ್ಧಕ್ಕೇ ಬಿಟ್ಟು ಇಳಿದುಹೋದಳು. ನಮ್ಮ ಜೊತೆಗಿದ್ದ ಪ್ರವಾಸಿಗರು ಸೂರ್ಯ ಮುಳುಗುವ ಫೋಟೋ ತೆಗೆಯುತ್ತಲೇ ಇದ್ದರು. ನಾನು ಚಹಾ ಮುಗಿಸದೆ ಕೆಳಗೆ ಬಂದೆ. ಅಂಥ ದೊಡ್ಡ ಕೆಲಸವೇನಲ್ಲ. ಮರುದಿನವೂ ಅಲ್ಲಿ ಇನ್ನೊಬ್ಬ ಇರುತ್ತಾನೆ.

ಅಡಿಗೆಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಎಲ್ಲರೂ ಅವರನ್ನು ‘ಖಾಲ್ತಿ’ ಎನ್ನುತ್ತಿದ್ದರು. ನಮ್ಮ ಖಾಲಾ, ಚಿಕ್ಕಮ್ಮ. ನಾವು ಹಿಂದೂಸ್ತಾನದ ಮುಸ್ಲಿಮರೆಂದು ತಿಳಿದು ಹತ್ತಿರ ಕೂರಿಸಿಕೊಂಡರು. ಗೆಳೆಯ ಮಾತನ್ನು ಆ ಕಡೆ ಈ ಕಡೆ ದಾಟಿಸುತ್ತಿದ್ದ. 1980ರ ದಶಕದ ಮೊದಲ ಬರಗಾಲದಲ್ಲಿ ಅವರ ತಂದೆ ಹಳ್ಳಿ ಬಿಟ್ಟು ಸಂಸಾರ ಸಮೇತ ಇಲ್ಲಿಗೆ ಬಂದಿದ್ದರಂತೆ. ಇಲ್ಲಿಗೆ ಎಂದರೆ ಇದೇ ಮನೆಗೆ. ಮನೆ ಮಾರಾಟವಾದಾಗ ಬಾಡಿಗೆಯವರಿಗೆ ಅಷ್ಟಿಷ್ಟು ಹಣ ಕೊಟ್ಟು ಬಿಡಿಸಿದರು. ಊರಾಚೆ ಹೊಸ ಬಡಾವಣೆಯಲ್ಲಿ ಈಗ ಅವರ ಮನೆ. ನೀರು ಕರೆಂಟು ಚೆನ್ನಾಗಿದೆ, ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾರೆ. ಆ ಮಾತಿನಲ್ಲಿ ದೂರು ಇರಲಿಲ್ಲ.

‘ನೀವು ಯಾವ ಕೋಣೆ?’ ಎಂದರು. ಮೇಲಿನ ಮೂಲೆಯ ಕೋಣೆ ತೋರಿಸಿದೆ.

‘ಅದರಲ್ಲೇ ನಾವು ಏಳು ಜನ ಇದ್ದದ್ದು’ ಎಂದರು. ಆಮೇಲೆ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತಾ, ‘ಕಿಬ್ಲಾದ ಕಡೆಯ ಮೂಲೆ ಈಗಲೂ ಸೋರುತ್ತದಾ?’ ಎಂದು ಕೇಳಿದರು.

ಆ ರಾತ್ರಿ ಮಳೆ ಹುಯ್ಯಿತು. ಬೆಳಿಗ್ಗೆ ಫಜರಿಗೆ ಎದ್ದವನು ದೀಪ ಹಿಡಿದು ಮೂಲೆ ನೋಡಿದೆ. ಹೊಸ ಗಿಲಾವಿನ ಮೇಲೆ ಅಂಗೈಯಗಲ ತೇವ, ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಕೆಳಗಿಳಿದು ಹೇಳಿದಾಗ ಖಾಲ್ತಿ ಗಟ್ಟಿಯಾಗಿ ನಕ್ಕರು. ‘ನಾವು ಅಲ್ಲಿ ಬಾಲ್ದಿ ಇಡುತ್ತಿದ್ದೆವು, ಮ್ಯಾನೇಜರಿಗೆ ಹೇಳಬೇಡಿ’ ಎಂದು, ಬಟ್ಟಲಿಗೆ ಬಿಸಿ ಬಿಸಾರಾ ಹುಯ್ದು, ಮೇಲೆ ಎಣ್ಣೆ ಜೀರಿಗೆ ಉದುರಿಸಿ, ರೊಟ್ಟಿ ಮುರಿದು ಕೈಗೆ ಕೊಟ್ಟರು.